ಇಪ್ಪತ್ತೊಂಬತ್ತು ನಿಮಿಷದ ದಾರಿ

ಸಿಟ್ಟಿನಲ್ಲಿ ಬರೆಯಬಾರದು ಎನ್ನುತ್ತಾರೆ. ಇಳಿಯಲಿ ಎಂದು ಎರಡು ವರ್ಷ ಕಾದೆ, ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಬನಶಂಕರಿ ತಾಯಿ ಕ್ಷಮಿಸಲಿ.

ನಾನು ಟೊರಾಂಟೊ ಪಕ್ಕದ ಮಿಸಿಸಾಗದಲ್ಲಿ ಮನೆ ನೋಡಿಕೊಂಡಿರುವ ಹೆಂಗಸು. ನಮ್ಮ ಮನೆಯ ನೆತ್ತಿಯ ಮೇಲೆ ಎರಡು ಮೂರು ನಿಮಿಷಕ್ಕೊಂದು ವಿಮಾನ ಇಳಿಯುತ್ತದೆ. ಬಟ್ಟೆ ಮಡಚುವಾಗ, ಕುಕ್ಕರು ಕೂಗುವಾಗ, ಜಪಕ್ಕೆ ಕುಳಿತಾಗ, ಯಾವಾಗಲೂ ಅದೇ ಸದ್ದು. ಬಂದ ಹೊಸದರಲ್ಲಿ ಬೇಸರವಾಗುತ್ತಿತ್ತು, ಆಮೇಲೆ ಗಡಿಯಾರದ ಹಾಗೆ ಅಭ್ಯಾಸವಾಯಿತು. ದಿನಾ ಇಷ್ಟು ವಿಮಾನ ನೋಡುವವಳಿಗೆ, ಇದೇ ದೇಶದ ಎರಡು ಊರುಗಳ ನಡುವೆ ವಿಮಾನವೇ ಇಲ್ಲ ಎಂಬುದು ಹೇಗೆ ಹೊಳೆಯಬೇಕು?

ಆ ಎರಡು ಊರುಗಳಲ್ಲಿ ಒಂದರಲ್ಲಿ ನನ್ನ ಮಗಳಿದ್ದಳು, ಇನ್ನೊಂದರಲ್ಲಿ ಅಳಿಯ. ಎರಡೂ ಉತ್ತರದ ತುದಿಯಲ್ಲಿರುವ ಮೂಲನಿವಾಸಿಗಳ ಊರುಗಳು. ರಸ್ತೆ ಇಲ್ಲ. ಕೆರೆ, ಕಾಡು, ಮತ್ತೆ ಕೆರೆ. ಚಳಿಗಾಲ ಗಟ್ಟಿಯಾದ ಮೇಲೆ ಹಿಮದ ಮೇಲೆ ದಾರಿ ಮಾಡುತ್ತಾರೆ, ಅಲ್ಲಿಯವರೆಗೆ ವಿಮಾನವೇ ಗತಿ. ಮಗಳು ನರ್ಸ್. ಅಳಿಯ ಗಣಿತದ ಮಾಸ್ತರ. ಒಶಾವಾದಲ್ಲಿ ಓದು ಮುಗಿಸಿದವನಿಗೆ ಟೊರಾಂಟೊ ಸುತ್ತ ಎಲ್ಲೂ ಕಾಯಂ ಕೆಲಸ ಸಿಗದೆ ಉತ್ತರಕ್ಕೆ ಹೋಗಿದ್ದ. ಎರಡು ವರ್ಷದ ಕರಾರು ಮುಗಿಸಿ ಇಬ್ಬರೂ ಕೆಳಗೆ ಬರುತ್ತೇವೆ ಎಂದು ಮಾತಾಡಿಕೊಂಡಿದ್ದರು. ಮದುವೆಯಾಗಿ ಐದು ತಿಂಗಳಾಗಿತ್ತು.

ಅಳಿಯನಿಗೆ ಫಿಟ್ಸ್ ಇದೆ. ಇದನ್ನು ಮುಚ್ಚಿಟ್ಟಿರಲಿಲ್ಲ. ಹೆಣ್ಣು ನೋಡುವ ಮಾತು ಎತ್ತಿದ ದಿನವೇ ಬೆಳಗಾವಿಯಿಂದ ಬೀಗತಿ ಫೋನಿನಲ್ಲಿ ಹೇಳಿದ್ದರು. ನಾನು ಒಂದು ವಾರ ಉಣ್ಣಲಿಲ್ಲ. ಮಗಳೇ ನನಗೆ ಬುದ್ಧಿ ಹೇಳಿದಳು: "ಅವ್ವಾ, ಎರಡ ಗುಳಿಗಿ, ಮುಂಜಾನೆ ಒಂದು, ಸಂಜೀಕ ಒಂದು. ತಪ್ಪಲಾರದ ತಗೊಂಡ್ರ ನಥಿಂಗ್ ಹ್ಯಾಪನ್ಸ್." ಮೂರು ವರ್ಷದಿಂದ ಒಮ್ಮೆಯೂ ಬಂದಿರಲಿಲ್ಲ. ತಪ್ಪದೆ ತೆಗೆದುಕೊಂಡರೆ. ಆ ಮಾತನ್ನು ನೆನಪಿಡಿ ಎಂದು ನಾನು ಯಾರಿಗೂ ಹೇಳಬೇಕಾಗಿಲ್ಲ, ನಾನೇ ಮರೆತೆ.

ಎರಡು ಸಾವಿರದ ಹದಿನೇಳರ ದೀಪಾವಳಿ, ಮದುವೆಯಾದ ಮೇಲಿನ ಮೊದಲ ಹಬ್ಬ. ಅಲ್ಲಿ ಶಾಲೆಗೆ ಅಕ್ಟೋಬರಿನಲ್ಲಿ ಬೇಟೆಯ ರಜೆ ಕೊಡುತ್ತಾರೆ, ಅದು ಹಬ್ಬಕ್ಕೆ ಸರಿಹೋಯಿತು. ಇಬ್ಬರೂ ಬಂದರು. ಎಣ್ಣೆ ಹಚ್ಚಿ ಎರೆದೆ, ಆರತಿ ಮಾಡಿದೆ. ಅಳಿಯ ಇಲ್ಲಿನ ಔಷಧಿ ಅಂಗಡಿಯಿಂದ ಮೂರು ತಿಂಗಳಿಗಾಗುವಷ್ಟು ಗುಳಿಗೆ ತಂದ. ನಮ್ಮ ಮನೆಯಲ್ಲಿ ಹೊಸ ಔಷಧಿ ಬಂದರೆ ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಆಮೇಲೆ ಕೊಡುವುದು ರೂಢಿ. ನನ್ನ ತಾಯಿ ಮಾಡುತ್ತಿದ್ದಳು, ನಾನೂ ಮಾಡುತ್ತೇನೆ. ಪೊಟ್ಟಣವನ್ನು ದೇವರ ಗೂಡಿನಲ್ಲಿ ಬನಶಂಕರಿ ತಾಯಿಯ ಪಾದದ ಹತ್ತಿರ ಇಟ್ಟೆ. ಇಟ್ಟವಳು ಮರೆತೆ. ಅವರು ಭಾನುವಾರ ಹೊರಟರು. ಮಂಗಳವಾರ ಹೂ ಬದಲಿಸಲು ಕೈ ಹಾಕಿದರೆ, ಚೆಂಡುಹೂವಿನ ಅಡಿಯಲ್ಲಿ ಆ ಪೊಟ್ಟಣ, ಹಾಗೇ.

ಅಲ್ಲಿಂದಲೇ ಅಳಿಯನಿಗೆ ಫೋನು ಮಾಡಿದೆ.

"ಹೆದರಬ್ಯಾಡ್ರಿ ಅತ್ತಿ, ಹಳೇ ಪಾಕೀಟಿನ್ಯಾಗ ಇನ್ನೂ ಎಂಟ ದಿನಕ್ಕಾಗುವಷ್ಟ ಅದಾವು. ಕಳಸ್ರಿ, ಸಾಕು" ಎಂದ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಳಿಸುವುದು ಹೇಗೆ? ಹಬ್ಬದ ಬುತ್ತಿಯನ್ನೂ ಅವರು ಒಯ್ದಿರಲಿಲ್ಲ, ಸಾಮಾನು ಭಾರವಾಗುತ್ತದೆ ಎಂದು ಬಿಟ್ಟು ಹೋಗಿದ್ದರು. ಎರಡನ್ನೂ ಸೇರಿಸಿ ಕಳಿಸೋಣ ಎಂದುಕೊಂಡೆ. ನಮ್ಮ ಅತ್ತೆಯವರ ಕಟ್ಟಪ್ಪಣೆ ಒಂದಿತ್ತು: ಹೊಸದಾಗಿ ಮದುವೆಯಾದ ಜೋಡಿಗೆ ಮೊದಲ ವರ್ಷ ಬುತ್ತಿಯನ್ನು ಎರಡು ಗಂಟು ಮಾಡಬಾರದು. ಎರಡು ಮಾಡಿದರೆ ಅವರು ಬೇರೆ ಬೇರೆ ಒಲೆ ಹೂಡಲಿ ಎಂದು ನಾವೇ ಬಯಸಿದ ಹಾಗೆ. ನನ್ನ ಮದುವೆಯಾದಾಗ ನನ್ನ ಗಂಡ ಹುಬ್ಬಳ್ಳಿಯಲ್ಲಿ, ನಾನು ಧಾರವಾಡದಲ್ಲಿ ಇದ್ದಾಗಲೂ ಒಂದೇ ಗಂಟು ಬರುತ್ತಿತ್ತು, ನಾವು ಹಂಚಿಕೊಳ್ಳುತ್ತಿದ್ದೆವು. ಹಾಗೆಯೇ ಈಗಲೂ ಒಂದೇ ಬಾಕ್ಸು. ಯಾರ ಊರಿಗೆ? ಮಗಳ ಊರಿಗೆ. ನರ್ಸ್ ಅಲ್ಲವೇ, ಔಷಧಿ ಅವಳ ಕೈಗೆ ಹೋದರೆ ಭದ್ರ. ಅಲ್ಲಿಂದ ಗಂಡನಿಗೆ ಅವಳು ಮುಟ್ಟಿಸುತ್ತಾಳೆ.

"ಮಗಳ ಊರಿಂದ ಅಳಿಯನ ಊರಿಗೆ ಎಷ್ಟ ದೂರ ಆಕ್ಕೈತ್ರಿ?" ಎಂದು ನಮ್ಮ ಮನೆಯವರನ್ನು ಕೇಳಿದೆ. ಅವರು ವೇರ್‌ಹೌಸಿನಲ್ಲಿ ಕೆಲಸ ಮಾಡುತ್ತಾರೆ. ಪಾರ್ಸಲ್ಲು, ದೂರ, ಮೈಲಿ ಎಂದರೆ ಅವರಿಗೆ ಬಲು ಹುರುಪು. ಫೋನು ಒತ್ತಿದರು. ಎರಡು ಊರಿನ ಹೆಸರು ಹಾಕಿದರೆ ದೂರ ಹೇಳುವ ಒಂದು ವೆಬ್‌ಸೈಟು ತೆರೆಯಿತು.

"ನೋಡಿಲ್ಲೆ. ನೂರಾ ಎಂಬತ್ತಾರ ಕಿಲೋಮೀಟರ. ವಿಮಾನದಾಗ ಇಪ್ಪತ್ತೊಂಬತ್ತ ಮಿನಿಟ. ಧಾರವಾಡದಿಂದ ವಿಜಾಪುರಕ್ಕ ಹೋದಷ್ಟೂ ಇಲ್ಲ. ನನಗ ವೇರ್‌ಹೌಸಿಗೆ ಮುಟ್ಟಾಕ ಇದಕ್ಕಿಂತ ಹೆಚ್ಚ ಹೊತ್ತ ಹಿಡಿತೈತಿ."

ಅರ್ಧ ತಾಸೂ ಇಲ್ಲ. ನನಗೆ ಸಮಾಧಾನವಾಯಿತು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ನಡುವೆ ಬಟ್ಟೆಯಲ್ಲಿ ಸುತ್ತಿದ ಗುಳಿಗೆ. ಬುಧವಾರ ನಾನೇ ಬಸ್ಸಿನಲ್ಲಿ ಸರಕು ಸಾಗಿಸುವ ಆಫೀಸಿಗೆ ಹೋಗಿ ಕಳಿಸಿ ಬಂದೆ. ಓಡಿ ಬರುವ ನನ್ನನ್ನು ಕಂಡು ಡ್ರೈವರು ಬಸ್ಸು ನಿಲ್ಲಿಸಿದ್ದ. ಪ್ರತಿದಿನ ದೀಪ ಹಚ್ಚುವಾಗ ಆ ದಿನ ಸಿಕ್ಕ ಮೂರು ಉಪಕಾರಗಳನ್ನಾದರೂ ನೆನೆಯುತ್ತೇನೆ. ಅಂದು ಆ ಡ್ರೈವರನ್ನು ನೆನೆದೆ.

ಆಮೇಲೆ ಮಗಳಿಗೆ ಫೋನು ಮಾಡಿದೆ, ಹೆಮ್ಮೆಯಿಂದಲೇ.

"ಅವ್ವಾ, ಬಾಕ್ಸ್ ಇಲ್ಲಿಗ್ಯಾಕ ಕಳಿಸಿದಿ?"

"ನಿನ್ನ ಕೈಯಾಗ ಬಂದ್ರ ನೀ ಅವರಿಗೆ ಮುಟ್ಟಸ್ತಿ ಅಂತ. ಅರ್ಧ ತಾಸಿನ ದಾರಿ."

"ಹೂ ಟೋಲ್ಡ್ ಯೂ?"

"ನಿಮ್ಮಪ್ಪಾರು. ಫೋನಿನ್ಯಾಗ ನೋಡಿ ಹೇಳಿದ್ರು. ಇಪ್ಪತ್ತೊಂಬತ್ತ ಮಿನಿಟ."

ಮಗಳು ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: "ಅವ್ವಾ, ಇಲ್ಲಿಂದ ಅಲ್ಲಿಗೆ ಫ್ಲೈಟೇ ಇಲ್ಲ. ಅದು ಬರೇ ಲೆಕ್ಕ. ಇಲ್ಲಿ ಪ್ಲೇನು ತೆಂಕಣಕ್ಕ ಹೋಗ್ತೈತಿ, ಸೂ ಲುಕ್‌ಔಟ್ ಅನ್ನೋ ಊರಿಗೆ. ಅಲ್ಲಿ ಬಾಕ್ಸ್ ಇಳಿಸ್ತಾರ. ಬ್ಯಾರೆ ಕಂಪನಿ ಪ್ಲೇನಿಗೆ ಕಾಯ್ತೈತಿ. ಆ ಪ್ಲೇನು ಮತ್ತ ಬಡಗಣಕ್ಕ ಬರಬೇಕು. ವೆದರ್ ಚೆಂದಿದ್ರ ನಾಕ ದಿನ. ಇಲ್ಲಂದ್ರ ದೇವರಿಗೇ ಗೊತ್ತು."

ಊರಿದ್ದಲ್ಲಿಗೆ ಹೋಗಲು ಮೊದಲು ಬೆನ್ನು ತಿರುಗಿಸಿ ಅಷ್ಟು ದೂರ ಹೋಗಬೇಕು, ಆಮೇಲೆ ಮತ್ತೆ ಅಷ್ಟೇ ದೂರ ವಾಪಸು ಬರಬೇಕು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಬೇಕಾದರೂ ಇದೇ ದಾರಿ ಎಂದು ಆಗ ತಿಳಿಯಿತು. ಐದು ತಿಂಗಳಲ್ಲಿ ನನ್ನ ಮಗಳು ಇದನ್ನು ಒಮ್ಮೆಯೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮನೆಯವರತ್ತ ತಿರುಗಿದೆ. "ಇಲ್ಲದ ವಿಮಾನಕ್ಕ ಮಿನಿಟ ಹೆಂಗ ಎಣಸ್ತಾರ್ರಿ?"

"ಅದರಾಗ ಹಂಗ ಬರದಿತ್ತ" ಎಂದರು. ಅಷ್ಟೇ. ಫೋನನ್ನು ಜೇಬಿಗೆ ಹಾಕಿಕೊಂಡರು.

ಆ ವೆಬ್‌ಸೈಟಿನ ಕೆಳಗೆ ಅಭಿಪ್ರಾಯ ಬರೆಯುವ ಚೌಕವೊಂದಿತ್ತು. ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ: ನಿಮ್ಮ ಇಪ್ಪತ್ತೊಂಬತ್ತು ನಿಮಿಷದ ವಿಮಾನ ಎಲ್ಲಿ ನಿಂತಿದೆ ತೋರಿಸಿ, ಇಲ್ಲದಿದ್ದರೆ ನಿಮಿಷ ಅಳಿಸಿ. ಕೂಡಲೇ ಉತ್ತರ ಬಂತು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು. ಮನುಷ್ಯರು ಕಳಿಸಿದ್ದಲ್ಲ, ಅದೂ ಲೆಕ್ಕವೇ ಕಳಿಸಿದ್ದು.

ಬಾಕ್ಸು ಸೋಮವಾರ ಮಗಳ ಊರು ಮುಟ್ಟಿತು. ಅಳಿಯನ ಹತ್ತಿರ ಇನ್ನು ಎರಡು ದಿನದ ಗುಳಿಗೆ. ಅದೇ ಸೋಮವಾರ ಮಧ್ಯಾಹ್ನ ಮಂಜು ಕವಿಯಿತು. ಕೆರೆಗಳು ಹೆಪ್ಪುಗಟ್ಟುವ ಮುಂಚೆ ಅಲ್ಲೆಲ್ಲ ಹಾಗೆ ಆಗುತ್ತದಂತೆ. ಮೊದಲು ಮಂಜು, ಆಮೇಲೆ ಬಿದ್ದಲ್ಲೇ ಗಾಜಾಗುವ ಮಳೆ. ಹೋಗುವ ವಿಮಾನವೂ ಇಲ್ಲ, ಬರುವುದೂ ಇಲ್ಲ.

ಇಲ್ಲಿನ ಔಷಧಿ ಅಂಗಡಿಗೆ ಓಡಿದೆ. ಇನ್ನೊಂದು ಪೊಟ್ಟಣ ಕೊಡಿ, ನೇರ ಅಳಿಯನ ಊರಿಗೇ ಕಳಿಸುತ್ತೇನೆ ಎಂದೆ. ಮೊನ್ನೆ ಮೊನ್ನೆಯಷ್ಟೇ ಮೂರು ತಿಂಗಳದ್ದು ಕೊಟ್ಟಿದ್ದೇವೆ, ಮತ್ತೆ ಕೊಡಲು ಡಾಕ್ಟರ ಚೀಟಿ ಬೇಕು ಎಂದರು. ಚೀಟಿ ತರಿಸಿ ಕಳಿಸಿದರೂ ಹೋಗುವುದು ಅದೇ ನಿಂತ ವಿಮಾನದಲ್ಲಿ. ಸರಕು ಸಾಗಿಸುವ ಆಫೀಸಿಗೆ ಫೋನು ಮಾಡಿದೆ. ಒಬ್ಬ ಹುಡುಗಿ ಎತ್ತಿದಳು. ಎಲ್ಲವನ್ನೂ ಕೇಳಿಸಿಕೊಂಡು "ಹವಾಮಾನ ಅನುಮತಿ ಕೊಟ್ಟರೆ, ಮ್ಯಾಡಮ್" ಎಂದಳು. ಮಂಗಳವಾರವೂ ಅದೇ. ಬುಧವಾರವೂ ಅದೇ. ಆ ಹವಾಮಾನದ ಫೋನ್ ನಂಬರು ಕೊಡಮ್ಮ, ನಾನೇ ಅನುಮತಿ ಕೇಳುತ್ತೇನೆ ಎಂದೆ. ಅವಳು ನಕ್ಕಳು. ನಾನು ನಗಿಸಲು ಹೇಳಿರಲಿಲ್ಲ.

ಅಳಿಯನ ಊರಿನಲ್ಲೂ ಮಗಳ ಊರಿನಂಥದೇ ಚಿಕ್ಕ ದವಾಖಾನೆ ಇದೆ. ಹಾಸಿಗೆ ನಾಲ್ಕು, ನರ್ಸು ಇಬ್ಬರು, ಡಾಕ್ಟರು ವಿಮಾನದಲ್ಲಿ ಬಂದಾಗ ಉಂಟು. ಅಲ್ಲಿ ಫಿಟ್ಸ್ ಬಂದ ಮೇಲೆ ಚುಚ್ಚುವ ಇಂಜೆಕ್ಷನ್ ಇತ್ತು, ಬಾರದ ಹಾಗೆ ತಡೆಯುವ ಆ ಗುಳಿಗೆ ಇರಲಿಲ್ಲ. ನನ್ನ ಮಗಳು ಅಲ್ಲಿನ ನರ್ಸಿಗೆ ಫೋನು ಮಾಡಿ ವಿಷಯ ಹೇಳಿದಳು. ಆ ಹೆಣ್ಣುಮಗಳು ಅಳಿಯನನ್ನು ಕರೆಸಿ, ಒಬ್ಬನೇ ಕ್ವಾರ್ಟರ್ಸಿನಲ್ಲಿ ಬಿದ್ದರೆ ನೋಡುವವರಿಲ್ಲ, ಗುಳಿಗೆ ಬರುವ ತನಕ ಇಲ್ಲೇ ಹಾಸಿಗೆಯಲ್ಲಿ ಇರು ಎಂದಳಂತೆ. ಅದೊಂದು ಉಪಕಾರ. ದೀಪದ ಮುಂದೆ ಕೂತು ಅದನ್ನು ನೆನೆದೆ, ಮುಂದೆ ಏನೂ ನೆನಪಿಗೆ ಬರಲಿಲ್ಲ. ತಾಯಿಯ ಮುಖ ನೋಡಿ, "ನಿನ್ನ ಪಾದದಾಗ ಇಟ್ಟಿದ್ದೆ. ನೀನರ ನೆನಪ ಮಾಡಬಾರದಿತ್ತೇನ?" ಎಂದು ಕೇಳಿಯೇಬಿಟ್ಟೆ.

ಬುಧವಾರ ಸಂಜೆ ಅಳಿಯ ಕೊನೆಯ ಗುಳಿಗೆ ನುಂಗಿದ.

ಗುರುವಾರ ಬೆಳಗಾವಿಯಿಂದ ಬೀಗತಿಯ ಫೋನು ಬಂತು.

"ಏನ್ರಿ ಬೀಗತೇರ, ನಮ್ಮ ಹುಡುಗನ ಗುಳಿಗಿ ದೇವರ ಮುಂದ ಇಟ್ಟಿದ್ರಂತಲ್ಲ. ದೇವರಿಗೇನ ಫಿಟ್ಸ್ ಬರ್ತಾವೇನ್ರಿ?"

"ತಪ್ಪಾತ್ರಿ" ಎಂದೆ.

"ಮತ್ತ ಕಳಿಸಿದ್ದರ ಅವನ ಊರಿಗೆ ಕಳಿಸಬೇಕೋ ಬ್ಯಾಡೋ? ಗುಳಿಗಿ ಅವಗ ಬೇಕು, ಬಾಕ್ಸು ನಿಮ್ಮ ಮಗಳಿಗೆ. ಹೋಳಿಗಿ ಆರಿ ಹೋಗ್ತಾವು ಅಂತೇನ?"

"ಒಂದ ಗಂಟ ಮಾಡಬೇಕು ಅಂತ ನಮ್ಮ ಕಡೆ..."

"ನಮ್ಮ ಕಡೇನೂ ಐತ್ರಿ ಎಲ್ಲಾ. ತಲಿನೂ ಐತಿ."

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಫೋನು ಇಟ್ಟು, ಒಣಗಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ. ನನ್ನ ಮೇಲೆ, ನನ್ನ ಅತ್ತೆಯ ಮೇಲೆ, ಆ ನಿಮಿಷಗಳ ಮೇಲೆ, ನಗುವ ಹುಡುಗಿಯ ಮೇಲೆ, ಎಲ್ಲರ ಮೇಲೂ ಸಿಟ್ಟು. ಹೊರಗೆ ಒಂದರ ಹಿಂದೊಂದು ವಿಮಾನ ಇಳಿಯುತ್ತಲೇ ಇದ್ದವು. ಕ್ಯೂಬಾದಿಂದ, ದುಬೈಯಿಂದ, ದಿಲ್ಲಿಯಿಂದ. ದಿಲ್ಲಿಯಿಂದ ಮಿಸಿಸಾಗಕ್ಕೆ ಹದಿನಾಲ್ಕು ತಾಸಿನಲ್ಲಿ ಬರಬಹುದು. ನೂರಾ ಎಂಬತ್ತಾರು ಕಿಲೋಮೀಟರಿಗೆ ನಾಲ್ಕು ದಿನವಾದರೂ ಸಾಲದು.

ಶುಕ್ರವಾರ ಅಳಿಯನ ದನಿ ಸಣ್ಣಗಿತ್ತು. ತಲೆ ಭಾರ ಇದೆ, ಮತ್ತೇನಿಲ್ಲ ಎಂದ. ಬೇರೆ ಏನೋ ಇದೆ ಎಂದು ನನಗನಿಸಿತು, ಕೇಳಲು ಧೈರ್ಯವಾಗಲಿಲ್ಲ.

ಶನಿವಾರ ಬೆಳಗ್ಗೆ ಹತ್ತರ ಸುಮಾರಿಗೆ ಮಗಳ ಫೋನು. "ಅವ್ವಾ, ಇಲ್ಲಿ ಬಿಸಲ ಬಿದ್ದೈತಿ. ಗುಳಿಗಿ ಹೋದ್ವು. ಅವರ ಪಾಲಿನ ಬುತ್ತೀನೂ ಕಟ್ಟಿ ಕೊಟ್ಟೆ. ಡೈರೆಕ್ಟ್ ಪ್ಲೇನು."

"ಫ್ಲೈಟೇ ಇಲ್ಲ ಅಂದಿದ್ದೆಲ್ಲ?"

"ಚಾರ್ಟರ್ ಅವ್ವಾ, ಬಾಡಿಗಿಗೆ ಹಿಡದ ಪ್ಲೇನು. ಅವರ ಊರಾಗ ಒಬ್ಬ ಅಜ್ಜಿ ತೀರಿ ಹೋಗ್ಯಾಳ. ಅಜ್ಜಿ ತಂಗಿ ಇಲ್ಲಿ ಇರ್ತಾಳ. ಮಣ್ಣಿಗೆ ಹೊಂಟಾರ ಎಲ್ಲಾರೂ. ಐ ಗೇವ್ ಇಟ್ ಟು ಹರ್."

ಒಂದು ತಾಸಿನೊಳಗೆ ಅಳಿಯನ ಫೋನು. ಫೋನಿನಲ್ಲಿ ನೀರು ಗುಟುಕರಿಸುವ ಸದ್ದು ಕೇಳಿಸಿತು. "ತಗೊಂಡೆ ಅತ್ತಿ" ಎಂದ. ನಾನು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಫೋನನ್ನು ಸ್ಪೀಕರಿಗೆ ಹಾಕಿದ್ದೆ, ಮನೆಯವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಎಷ್ಟ ಹೊತ್ತ ಹಿಡಿತು ವಿಮಾನ?" ಎಂದು ಕೇಳಿದರು ಅವರು.

"ಅರ್ಧ ತಾಸೂ ಇಲ್ರಿ ಮಾವಾರ."

"ನಾ ಹೇಳಿದ್ದಿಲ್ಲೇನು!" ಎಂದು ನನ್ನತ್ತ ನೋಡಿದರು. ಕೈಯಲ್ಲಿದ್ದ ಸೌಟನ್ನು ನಾನು ಅಲ್ಲೇ ಇಟ್ಟೆ, ಪುಣ್ಯಕ್ಕೆ.

ಆ ತಂಗಿ ಗುಳಿಗೆಯ ಪೊಟ್ಟಣವನ್ನು ಜಾಕೀಟಿನ ಒಳಜೇಬಿನಲ್ಲಿ, ಬುತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳಂತೆ. ಇಳಿದವಳು ಕರೆಯಲು ಬಂದಿದ್ದ ತನ್ನವರ ಹತ್ತಿರ ಹೋಗಲಿಲ್ಲ. ಮಾಸ್ತರ ಯಾರು ಎಂದು ಕೇಳಿ, ಅವನ ಕೈಗೆ ಕೊಟ್ಟು, ಆಮೇಲೆ ಅಕ್ಕನ ಮುಖ ನೋಡಲು ಹೋದಳು.

"ಆ ಅಜ್ಜಿಗೆ ಏನಾಗಿತ್ರಿ?" ಎಂದೆ.

ಅಳಿಯ ಹೇಳಿದ. "ನನ್ನ ಮಗ್ಗಲ ಹಾಸಿಗ್ಯಾಗ ಇದ್ಲ್ರಿ ಅತ್ತಿ. ನನ್ನ ಕ್ಲಾಸಿನ ಹುಡುಗಿಯ ಅಜ್ಜಿ. ಬುಧವಾರ ಎದಿನೋವು ಅಂತ ಬಂದ್ಲು. ದೊಡ್ಡ ಆಸ್ಪತ್ರಿಗೆ ಒಯ್ಯೋ ಪ್ಲೇನು ಕರದ್ರು. ಗುರುವಾರ ಅದು ಅರ್ಧ ದಾರಿ ಬಂದು, ಇಳಿಯಾಕ ಬರಂಗಿಲ್ಲ ಅಂತ ತಿರುಗಿ ಹೋತು. ಮತ್ತ ಕಾಯ್ದ್ವಿ. ಶುಕ್ರವಾರ ಮುಂಜಾನೆ ಹೋದ್ಲು. ನನಗ ಫಿಟ್ಸ್ ಬಂದೀತು ಅಂತ ಎಲ್ಲಾರೂ ನನ್ನ ಕಡೆನೂ ನೋಡ್ತಿದ್ರು. ನನಗೇನೂ ಆಗಲಿಲ್ಲ."

ಮನೆಯವರು ಕೈ ಮುಗಿದರು. "ನೋಡು, ತಾಯಿ ಹೆಂಗ ದಾರಿ ಮಾಡಿದ್ಲು. ವಿಮಾನ ಇಲ್ಲದಲ್ಲಿ ವಿಮಾನ ಕಳಿಸಿದ್ಲು."

ಅವರ ಮೇಲೆ ಹರಿಹಾಯ್ದೆ. "ಸುಮ್ನಿರ್ರಿ! ನಮಗ ದಾರಿ ಮಾಡಾಕ ಆಕಿನ್ನ ಕೊಂದ್ಲೇನ್ರಿ ತಾಯಿ? ಆಕಿಗೆ ದಾರಿ ಬ್ಯಾಡಾಗಿತ್ತೇನ? ಜೀವ ಇದ್ದಾಗ ಬರಲಾರದ್ದು, ಹೆಣ ನೋಡಾಕ ಅರ್ಧ ತಾಸಿನ್ಯಾಗ ಬಂತು. ಅದಕ್ಕ ಕೈ ಮುಗೀತೀರಿ?"

ಮೂವತ್ತು ವರ್ಷದಲ್ಲಿ ನಾನು ಅವರಿಗೆ ಹಾಗೆ ಕೂಗಿದ್ದಿಲ್ಲ. ಅವರು ಕೈ ಇಳಿಸಿದರು. ಮೋಡ, ಮಂಜು ಮನುಷ್ಯನ ಕೈಯಲ್ಲಿಲ್ಲ, ಅದು ನನಗೂ ಗೊತ್ತು. ಆದರೆ ಎದೆ ಹಿಡಿದುಕೊಂಡ ಹೆಂಗಸಿಗೆ ಅಲ್ಲೇ ಒಬ್ಬ ಡಾಕ್ಟರು ಇರದಿರುವುದು ಮಂಜಿನ ಕೆಲಸವಲ್ಲ. ನಮ್ಮ ಬೀದಿಯ ತುದಿಯಿಂದ ಹತ್ತು ನಿಮಿಷಕ್ಕೆ ಮೂರು ಆಸ್ಪತ್ರೆ. ಅವಳೂ ಇದೇ ದೇಶದವಳು, ನಮಗಿಂತ ಮೊದಲಿನವಳು. ಎರಡು ದಿನ ನನ್ನ ಅಳಿಯನ ಪಕ್ಕದ ಹಾಸಿಗೆಯಲ್ಲಿ ಒಬ್ಬಾಕೆ ವಿಮಾನಕ್ಕೆ ಕಾಯುತ್ತಿದ್ದಾಗ ನಾನು ಇಲ್ಲಿ ಕೂತು ಅವನೊಬ್ಬನಿಗಾಗಿ ವಿಮಾನ ಕಳಿಸು ಎಂದು ಹರಕೆ ಹೊರುತ್ತಿದ್ದೆ. ವಿಮಾನ ಬಂತು. ಇದನ್ನು ಯಾವ ಬಾಯಿಂದ ಉಪಕಾರ ಎನ್ನಲಿ?

"ಅತ್ತಿ, ಇದ್ದೀರೇನ್ರಿ?" ಅಳಿಯ ಇನ್ನೂ ಫೋನಿನಲ್ಲಿದ್ದ. "ಒಂದ ಮಾತ ಕೇಳಬೇಕಿತ್ತು. ನಾ ಈಗ ಆ ಮನಿಗೆ ಹೊಂಟೀನಿ. ಸಾವಾದ ಮನಿಗೆ ಇಲ್ಲೆ ಎಲ್ಲಾರೂ ಏನರ ಅಡಿಗಿ ಒಯ್ತಾರ್ರಿ. ದೂರದಿಂದ ಬಂದವರು ಭಾಳ ಮಂದಿ ಅದಾರ. ಐದ ದಿನದಿಂದ ಅಂಗಡಿಗೆ ಮಾಲ ಬಂದಿಲ್ಲ, ನನ್ನ ಹಂತೇಕ ನಿಮ್ಮ ಬುತ್ತಿ ಬಿಟ್ರ ಏನೂ ಇಲ್ಲ. ರೊಟ್ಟಿ ಚಟ್ನಿ ಒಯ್ತೀನಿ. ಹೋಳಿಗಿ ಒಯ್ಯಬಹುದೇನ್ರಿ?"

ನಮ್ಮಲ್ಲಿ ಸಾವಾದ ಮನೆಗೆ ಸಿಹಿ ಒಯ್ಯುವುದಿಲ್ಲ. ಹನ್ನೊಂದು ದಿನ ಆ ಮನೆಯಲ್ಲಿ ಸಿಹಿಯ ಹೆಸರು ಎತ್ತುವುದಿಲ್ಲ. ಹೊರಗಿನವರು ಒಯ್ದರೆ ಅವರ ದುಃಖಕ್ಕೆ ಸಂತೋಷಪಟ್ಟ ಹಾಗೆ. ಅದೂ ಹಬ್ಬಕ್ಕೆ ಮಾಡಿದ ಹೋಳಿಗೆ. ಬ್ಯಾಡ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮನೆಯವರೂ ಬಾಗಿಲಲ್ಲಿ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು. ಅವರತ್ತ ಬೆನ್ನು ಮಾಡಿ ಕುಳಿತೆ.

"ಒಯ್ರಿ" ಎಂದೆ.

"ನಡೀತೈತೇನ್ರಿ?"

"ನಡೀತೈತೋ ಇಲ್ಲೋ ನನಗ ಗೊತ್ತಿಲ್ಲ. ಒಯ್ರಿ. ಎಷ್ಟ ಅದಾವೋ ಅಷ್ಟೂ ಒಯ್ರಿ, ನಿಮಗಂತ ಒಂದೂ ಇಟಗೋಬ್ಯಾಡ್ರಿ. ಮೊದಲ ಆ ತಂಗಿ ಕೈಯಾಗ ಕೊಡ್ರಿ, ಆಕಿ ಏನೂ ತಿಂದಿರಂಗಿಲ್ಲ." ದನಿ ಇನ್ನೂ ಏರಿಯೇ ಇತ್ತು. ಅಳಿಯನ ಜೊತೆ ಆ ದನಿಯಲ್ಲಿ ಮಾತಾಡಬಾರದು ಎಂದು ಗೊತ್ತಿದ್ದೂ ಇಳಿಸಲಿಲ್ಲ. "ಮತ್ತ ಕೇಳ್ರಿಲ್ಲೆ. ತವಾ ಇಟ್ಟು ಬಿಸಿ ಮಾಡಿ ಒಯ್ರಿ. ತಣ್ಣನ್ನವು ಒಯ್ಯಬ್ಯಾಡ್ರಿ."